ಸವೆಯುವ ತಂತಿಯನ್ನು ಬಚ್ಚಿಡುವುದೇಕೆ?

ಈಚಿನ ವರ್ಷಗಳಲ್ಲಿ ಗೇರಿನ ಸೈಕಲ್ಲು ಕೊಳ್ಳಲು ಹೋದವರು ಒಂದು ಬದಲಾವಣೆಯನ್ನು ಗಮನಿಸಿರಬಹುದು. ಹ್ಯಾಂಡಲ್ಲಿನ ಮುಂದೆ ಬಾಗಿ ಬಂದು, ಚೌಕಟ್ಟಿನ ಕೊಳವೆಯುದ್ದಕ್ಕೂ ಹೊರಗೇ ಸಾಗುತ್ತಿದ್ದ ಬ್ರೇಕು ಮತ್ತು ಗೇರುಗಳ ತಂತಿಗಳು ಅನೇಕ ಸೈಕಲ್ಲುಗಳಲ್ಲಿ ಈಗ ಕಾಣುವುದಿಲ್ಲ. ಅವು ಕೊಳವೆಯ ಪಕ್ಕದ ಸಣ್ಣ ರಂಧ್ರದಲ್ಲಿ ಒಳಹೊಕ್ಕು ಹಿಂದಿನ ಚಕ್ರದ ಬಳಿ ಹೊರಬರುತ್ತವೆ. ಕೆಲವು ದುಬಾರಿ ಮಾದರಿಗಳಲ್ಲಿ ಹ್ಯಾಂಡಲ್ಲಿನ ಬುಡದ ಬೇರಿಂಗಿನ ನಡುವಿನಿಂದಲೇ ಇಳಿದುಹೋಗುತ್ತವೆ. ಮಾರುವವರು ಇದನ್ನು ಪ್ರಗತಿಯೆಂದು ಬಣ್ಣಿಸುತ್ತಾರೆ. ನಿತ್ಯ ಬಳಕೆಯ ಸೈಕಲ್ಲಿನ ಮಟ್ಟಿಗೆ ಇದು ಹಿನ್ನಡೆಯೆಂಬುದು ನನ್ನ ಖಚಿತವಾದ ಅಭಿಪ್ರಾಯ. ಅಭಿಪ್ರಾಯ ಹೇಳಿದವನು ಕಾರಣವನ್ನೂ ಕೊಡಬೇಕೆಂದು ತರಗತಿಯಲ್ಲಿ ನಿಮಗೆಲ್ಲ ಹೇಳುತ್ತಿದ್ದವನು ನಾನು. ಆದ್ದರಿಂದ ಕಾರಣಗಳನ್ನು ಒಂದೊಂದಾಗಿ ಮುಂದಿಡುತ್ತೇನೆ.

ಮೊದಲು ಆ ತಂತಿಯ ಸ್ವಭಾವವನ್ನು ತಿಳಿಯೋಣ. ಬಾಗುವ ಹೊದಿಕೆಯೊಳಗೆ ಉಕ್ಕಿನ ತಂತಿಯನ್ನು ಎಳೆದು ಬಲವನ್ನು ದೂರಕ್ಕೆ ಸಾಗಿಸುವ ಈ ಉಪಾಯಕ್ಕೆ ಅರ್ನೆಸ್ಟ್ ಮಾನಿಂಗ್ಟನ್ ಬೌಡನ್ ಎಂಬಾತ 1896ರಲ್ಲಿ ಪೇಟೆಂಟ್ ಪಡೆದನು. ಅದರಿಂದಲೇ ಅದಕ್ಕೆ ಬೌಡನ್ ಕೇಬಲ್ ಎಂಬ ಹೆಸರು. ಒಳಗಿನದು ತೆಳ್ಳನೆಯ ಎಳೆಗಳನ್ನು ಹೊಸೆದ ತಂತಿ. ಬ್ರೇಕಿನದು ಸುಮಾರು 1.5 ಮಿಲಿಮೀಟರು ದಪ್ಪ, ಗೇರಿನದು ಅದಕ್ಕಿಂತ ತೆಳು. ಹೊರಗಿನ ಹೊದಿಕೆಗೆ ಅಂಗಡಿಯಲ್ಲಿ ಔಟರ್ ಎನ್ನುತ್ತಾರೆ. ತಂತಿಯು ಔಟರಿಗೆ ಉಜ್ಜುತ್ತಲೇ ಇರುತ್ತದೆ. ಬಾಗು ಹೆಚ್ಚಿದಷ್ಟೂ ಘರ್ಷಣೆ ಹೆಚ್ಚು. ನೀರು ಸೇರಿದರೆ ತುಕ್ಕು, ಧೂಳು ಸೇರಿದರೆ ಬಿಗಿತ. ಕೊನೆಗೆ ಎಳೆಗಳು ಒಂದೊಂದಾಗಿ ಕಡಿಯುತ್ತವೆ. ಅಂದರೆ ಇದು ಟಯರಿನಂತೆ, ಬ್ರೇಕಿನ ರಬ್ಬರಿನಂತೆ, ಸವೆಯುವುದಕ್ಕೆಂದೇ ಹುಟ್ಟಿದ ಭಾಗ. ಸವೆಯುವ ಭಾಗವು ಕಣ್ಣಿಗೆ ಕಾಣುವಂತೆಯೂ ಕೈಗೆ ಎಟಕುವಂತೆಯೂ ಇರಬೇಕು ಎಂಬುದು ಯಂತ್ರ ಮಾಡುವವರ ಮೊದಲ ಪಾಠವಾಗಬೇಕಿತ್ತು. ಇವರು ಆ ಪಾಠವನ್ನು ತಲೆಕೆಳಗು ಮಾಡಿದ್ದಾರೆ.

ಬಚ್ಚಿಡುವುದಕ್ಕೆ ಅವರು ಕೊಡುವ ಮೊದಲ ಸಮರ್ಥನೆ ಗಾಳಿಯ ತಡೆ. ಇಲ್ಲಿ ಒಂಬತ್ತನೆಯ ತರಗತಿಯ ಲೆಕ್ಕವೇ ಸಾಕು. ಗಾಳಿಯ ತಡೆಯು ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಟೂರ್ ದ ಫ್ರಾನ್ಸ್ ಸ್ಪರ್ಧೆಯ ಸವಾರರು ಗಂಟೆಗೆ 40 ಕಿ.ಮೀ.ಗೂ ಮಿಗಿಲಾದ ಸರಾಸರಿಯಲ್ಲಿ ಓಡುತ್ತಾರೆ. ಅದರ ಮೂರನೆಯ ಒಂದು ಭಾಗದ ವೇಗದಲ್ಲಿ ಶಾಲೆಗೋ ಕಚೇರಿಗೋ ಹೋಗುವವರಿಗೆ ಆ ತಡೆ ಒಂಬತ್ತನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಅದರಲ್ಲಿ ಎರಡು ತಂತಿಗಳ ಪಾಲೆಷ್ಟು? ಹೆಗಲಿಗೆ ತೂಗುಹಾಕಿದ ಚೀಲವೇ ಅದಕ್ಕಿಂತ ಹೆಚ್ಚು ಗಾಳಿಯನ್ನು ತಡೆದೀತು. ಸ್ಪರ್ಧಾಳುವಿನ ಹಿಂದೆ ಮೆಕ್ಯಾನಿಕ್ಕುಗಳ ಕಾರು ಬರುತ್ತದೆ. ನಮ್ಮ ಹಿಂದೆ ಬರುವುದು ಬಸ್ಸು. ಇಷ್ಟಕ್ಕೂ ಅಂಥ ಸ್ಪರ್ಧೆಯ ಸೈಕಲ್ಲುಗಳಲ್ಲಿ ಈಗ ಬ್ರೇಕು ನಡೆಯುವುದು ಎಣ್ಣೆಯ ಒತ್ತಡದಿಂದ, ಗೇರು ಬದಲಾಗುವುದು ವಿದ್ಯುತ್ತಿನಿಂದ. ಎಳೆಯುವ ತಂತಿಯೇ ಅಲ್ಲಿ ಇಲ್ಲವಾಗುತ್ತಿರುವಾಗ, ತಂತಿಯಿಂದಲೇ ನಡೆಯುವ ಸಾಧಾರಣ ಸೈಕಲ್ಲಿಗೆ ಅದರ ವೇಷವನ್ನು ತೊಡಿಸುವುದು ಬರಿಯ ಅಲಂಕಾರ.

ಎರಡನೆಯ ಸಮರ್ಥನೆ, ಒಳಗಿದ್ದರೆ ಕೆಸರು ತಾಗದು ಎಂಬುದು. ಇದರಲ್ಲಿ ಸ್ವಲ್ಪ ಸತ್ಯವಿದೆ, ಅಲ್ಲಗಳೆಯುವುದಿಲ್ಲ. ಆದರೆ ತಂತಿ ಹೊಗುವ ರಂಧ್ರದಲ್ಲಿ ಮಳೆಯ ನೀರೂ ಹೊಗುತ್ತದೆ. ಒಳಹೊಕ್ಕ ನೀರಿಗೆ ಹೊರಹೋಗುವ ದಾರಿಯಿಲ್ಲದಿದ್ದರೆ ಉಕ್ಕಿನ ಚೌಕಟ್ಟು ಒಳಗಿನಿಂದಲೇ ತುಕ್ಕು ಹಿಡಿಯುತ್ತದೆ. ಬೇರಿಂಗಿನ ಮೂಲಕ ತಂತಿ ಇಳಿಸಿದಲ್ಲಿ ಪಾಡು ಇನ್ನೂ ಕಷ್ಟ. ಬೆವರು, ನೀರು ಸೇರಿ ಮೇಲಿನ ಬೇರಿಂಗ್ ಕೆಟ್ಟಿತೆನ್ನಿ. ಅದನ್ನು ಬದಲಿಸಲು ಸಾಮಾನ್ಯವಾಗಿ ಅದರೊಳಗೆ ಹಾದಿರುವ ತಂತಿಗಳನ್ನೆಲ್ಲ ಬಿಚ್ಚಲೇಬೇಕು. ಅಲ್ಪ ಬೆಲೆಯ ಬೇರಿಂಗಿಗೆ ಅರ್ಧ ದಿನದ ದುಡಿಮೆ. ಮೂಗಿಗಿಂತ ಮೂಗುತಿ ಭಾರವೆಂಬ ಗಾದೆ ಇಂಥದ್ದಕ್ಕೇ ಹುಟ್ಟಿರಬೇಕು.

ನಮ್ಮ ರಾಜ್ಯದಲ್ಲಿ 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಸರಕಾರದಿಂದ ಸೈಕಲ್ಲು ಕೊಡುವ ಯೋಜನೆ ಆರಂಭವಾಯಿತು. ನಿಮ್ಮಲ್ಲಿ ಕೆಲವರು ಅದೇ ಸೈಕಲ್ಲಿನಲ್ಲಿ ಬಂದವರು. ಅದರ ಬ್ರೇಕು ಸಡಿಲವಾದರೆ ನೀವು ಯಾರನ್ನೂ ಕಾಯಲಿಲ್ಲ; ಒಂದು ಸ್ಪ್ಯಾನರು, ಒಂದು ಇಕ್ಕಳ ಸಾಕಾಗಿತ್ತು. ಇಂದು ತಾಲ್ಲೂಕು ಕೇಂದ್ರವೊಂದರಲ್ಲಿ ಸೈಕಲ್ ಶಾಪು ನಡೆಸುತ್ತಿರುವ ನನ್ನ ಹಳೆಯ ಶಿಷ್ಯನೊಬ್ಬ ಹೇಳುತ್ತಾನೆ: "ಸಾರ್, ಹೊರಗಿನ ವೈರು ಹಾಕೋದು ಹತ್ತು ನಿಮಿಷದ ಕೆಲಸ. ಒಳಗಿನದು ಸಿಕ್ಕಿದರೆ ಅರ್ಧ ಗಂಟೆ, ಸಿಕ್ಕದಿದ್ದರೆ ಮಧ್ಯಾಹ್ನದವರೆಗೆ. ಕೂಲಿ ಕೇಳಿದರೆ ಗಿರಾಕಿ ನನ್ನನ್ನೇ ಕಳ್ಳ ಅನ್ನುತ್ತಾನೆ." ಕಳ್ಳ ಯಾರು? ನೂರು ರೂಪಾಯಿಯೊಳಗಿನ ತಂತಿಯನ್ನು ಕೈಗೆ ಸಿಕ್ಕದಂತೆ ಹುದುಗಿಸಿದವನೋ, ಅದನ್ನು ಬೆವರು ಸುರಿಸಿ ಹುಡುಕಿಕೊಟ್ಟವನೋ? ಈ ಜಗಳದಲ್ಲಿ ಸವಾರನು ದುರಸ್ತಿಯನ್ನೇ ಮುಂದೂಡುತ್ತಾನೆ. ಮುಂದೂಡಿದ್ದು ಗೇರಾದರೆ ಬರಿಯ ಕಿರಿಕಿರಿ, ಬ್ರೇಕಾದರೆ ಪ್ರಾಣದ ಪ್ರಶ್ನೆ. ನನ್ನ ಸಿಟ್ಟಿಗೆ ನಿಜವಾದ ಕಾರಣ ಇದೇ.

ಒಳಗೆ ಹಾಯಿಸುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. 1980ರ ದಶಕದ ಕೆಲವು ಉತ್ತಮ ರೇಸಿಂಗ್ ಸೈಕಲ್ಲುಗಳಲ್ಲೂ ಹಿಂದಿನ ಬ್ರೇಕಿನ ತಂತಿ ಮೇಲಿನ ಕೊಳವೆಯೊಳಗೆ ಹೋಗುತ್ತಿತ್ತು. ಆದರೆ ಮನಸ್ಸಿಟ್ಟು ಮಾಡಿದವರು ಒಂದು ರಂಧ್ರದಿಂದ ಇನ್ನೊಂದು ರಂಧ್ರಕ್ಕೆ ಸಣ್ಣ ಲೋಹದ ನಳಿಗೆಯನ್ನು ಬೆಸೆದಿರುತ್ತಿದ್ದರು. ಈ ಕಡೆ ತೂರಿಸಿದ ತಂತಿ ತಾನಾಗಿ ಆ ಕಡೆ ಬರುತ್ತಿತ್ತು. ಖಾಲಿ ಕೊಳವೆಗೆ ತೂತು ಕೊರೆದು ಉಳಿದ ಪಾಡನ್ನು ಗಿರಾಕಿಗೆ ಬಿಡುವುದು ಆ ಬಗೆಯ ಕಸುಬಲ್ಲ.

ಈಗಾಗಲೇ ಇಂಥ ಸೈಕಲ್ಲು ಕೊಂಡವರು ಕೈಕಟ್ಟಿ ಕೂರಬೇಕಿಲ್ಲ. ಹಳೆಯ ತಂತಿಯನ್ನು ಬರಿದೇ ಎಳೆದು ತೆಗೆಯಬೇಡಿ; ಅದೇ ನಿಮ್ಮ ದಾರಿದೀಪ. ಚೌಕಟ್ಟಿನೊಳಗೆ ಬರಿಯ ತಂತಿ ಹಾದಿದ್ದರೆ, ಬಿರಿದ ತುದಿಯನ್ನು ಒಪ್ಪವಾಗಿ ಕತ್ತರಿಸಿ, ಅದರ ಮೇಲೆ ತೆಳ್ಳನೆಯ ಪ್ಲಾಸ್ಟಿಕ್ ನಳಿಗೆಯನ್ನು ಈ ರಂಧ್ರದಿಂದ ಆ ರಂಧ್ರದವರೆಗೆ ಸರಿಸಿ. ಬಳಿಕ ಹಳೆಯದನ್ನು ಎಳೆದು, ನಳಿಗೆಯೊಳಗೆ ಹೊಸದನ್ನು ತೂರಿಸಿ, ನಳಿಗೆಯನ್ನು ಹೊರತೆಗೆಯಿರಿ. ಔಟರೇ ಒಳಗೆ ಹಾದಿದ್ದರೆ, ಹಳೆಯ ಮತ್ತು ಹೊಸ ಔಟರುಗಳ ತುದಿಗಳನ್ನು ಜೋಡಿಸಿ, ಎರಡರೊಳಗೂ ಒಂದು ತಂತಿ ಹಾಯಿಸಿ, ಕೂಡುವಲ್ಲಿ ತೆಳುವಾಗಿ ಟೇಪು ಸುತ್ತಿ ಮೆಲ್ಲಗೆ ಎಳೆಯಿರಿ. ತಂತಿ ಆಗಲೇ ಹೊರಬಂದುಬಿಟ್ಟಿದ್ದರೆ, ಒಂದು ರಂಧ್ರದಲ್ಲಿ ದಾರ ಇಳಿಬಿಟ್ಟು, ಮಿಕ್ಕವನ್ನು ಮುಚ್ಚಿ, ಹೊರಬರಬೇಕಾದ ರಂಧ್ರದಲ್ಲಿ ವ್ಯಾಕ್ಯೂಮ್ ಕ್ಲೀನರಿನಿಂದ ಸೆಳೆಯಬಹುದು. ಅಲ್ಯುಮಿನಿಯಮ್ ಚೌಕಟ್ಟಾದರೆ ಹೊರಗಿನಿಂದ ಅಯಸ್ಕಾಂತ ಹಿಡಿದು ನಡೆಸುವ ಸಾಧನವೂ ಇದೆ. ಔಟರನ್ನು ಕತ್ತರಿಸುವ ಮೊದಲು ಹ್ಯಾಂಡಲ್ಲನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ ಉದ್ದ ಸಾಲುವುದೇ ನೋಡಿ. ಸಾಧಾರಣ ಗೇರಿನ ಔಟರನ್ನು ಬ್ರೇಕಿಗೆ ಎಂದಿಗೂ ಹಾಕಬೇಡಿ. ಬಲವಾಗಿ ಬ್ರೇಕು ಒತ್ತಿದಾಗ ಅದು ಸೀಳಬಹುದು. ಮುಂಗಾರಿಗೆ ಮುನ್ನ ಬ್ರೇಕಿನ ಹಿಡಿಯ ಬಳಿ ಎಳೆಗಳು ಬಿರಿದಿವೆಯೇ ಎಂದು ಪರೀಕ್ಷಿಸಿ.

ಇನ್ನು ಕೊಳ್ಳುವವರಿಗೆ. 2022ರ ಜುಲೈನಲ್ಲಿ ಕೇಂದ್ರ ಸರಕಾರವು ದುರಸ್ತಿಯ ಹಕ್ಕಿನ ಬಗ್ಗೆ ಸಮಿತಿಯೊಂದನ್ನು ರಚಿಸಿ, ಕೃಷಿ ಉಪಕರಣ, ಮೊಬೈಲು, ಗೃಹೋಪಯೋಗಿ ವಸ್ತು, ಮೋಟಾರು ವಾಹನ ಎಂಬ ನಾಲ್ಕು ಕ್ಷೇತ್ರಗಳನ್ನು ಗುರುತಿಸಿತು. ಸೈಕಲ್ಲಿನ ಹೆಸರು ಅದರಲ್ಲಿ ಇರಲಿಲ್ಲ. ಬಹುಶಃ ಅದನ್ನು ಯಾರು ಬೇಕಾದರೂ ರಿಪೇರಿ ಮಾಡಬಲ್ಲರೆಂಬ ಹಳೆಯ ನಂಬಿಕೆಯಿಂದ. ಆ ನಂಬಿಕೆಯನ್ನು ಉಳಿಸುವುದು ನಮ್ಮ ಕೈಯಲ್ಲಿದೆ. ಅಂಗಡಿಯಲ್ಲಿ ಬಣ್ಣ ಕೇಳುವ ಮೊದಲು ಮೂರು ಪ್ರಶ್ನೆ ಕೇಳಿ: ಹಿಂದಿನ ಬ್ರೇಕಿನ ತಂತಿ ಎಲ್ಲಿ ಹೋಗುತ್ತದೆ? ಒಳಗೆ ನಳಿಗೆ ಇದೆಯೇ? ಬದಲಿಸಲು ಕೂಲಿ ಎಷ್ಟು? ಉತ್ತರ ತಡವರಿಸಿದರೆ ತಂತಿ ಹೊರಗಿರುವ ಸೈಕಲ್ಲನ್ನೇ ತೋರಿಸಲು ಹೇಳಿ. ಮೊಮ್ಮಕ್ಕಳಿಗೆ ಕೊಡಿಸುವವರು ಇದನ್ನು ಮರೆಯದೆ ಮಾಡಬೇಕೆಂದು ನನ್ನ ಕೋರಿಕೆ. ಒಪ್ಪದವರು ಕಾರಣ ಸಹಿತ ಬರೆಯಿರಿ, ಓದಿ ಉತ್ತರಿಸುತ್ತೇನೆ.