ಮನಿ ನಮ್ಮದು, ಬೆಲೆ ದಲಾಲಂದೇನು?



ಹೊಗೆಸೊಪ್ಪಿಗೆ ನ್ಯಾಯದ ಬೆಲೆ ಬೇಕೆಂದು 1981ರಲ್ಲಿ ಈ ಸೀಮೆಯ ರೈತರು ನಿಪ್ಪಾಣಿಯ ಹೆದ್ದಾರಿ ಮ್ಯಾಲೆ ಕುಂತರು. ಬೆಳೆದವನಿಗೆ ಬೆಲೆ ಹೇಳುವ ಹಕ್ಕಿಲ್ಲವೇ ಎಂದು ಕೇಳಿದರು. ಸಾಲ ತೀರಿಸಲು ಮನೆ ಮಾರುವಾಗ ಮಾತ್ರ ಆ ಪ್ರಶ್ನೆ ಮರೆತು ದಲಾಲನ ಕೈಗೆ ಕೀಲಿ ಕೊಡುತ್ತೇವೆ.

10 ಲಕ್ಷದ ಮನೆಗೆ ನೂರಕ್ಕೆ ಎರಡರಂತೆ ದಲಾಲಿ ಕೊಟ್ಟರೆ 20 ಸಾವಿರ ಹೋಯಿತು. ಅದಕ್ಕಿಂತ ದೊಡ್ಡ ಪೆಟ್ಟು ಬೇರೆ: ಸಾಲಗಾರ ಅವಸರದಾಗ ಇದ್ದಾನೆಂಬ ಗುಟ್ಟು ಕೊಳ್ಳುವವನಿಗೆ ಮುಟ್ಟಿದರೆ ಬೆಲೆ ಅಲ್ಲೇ ಬೀಳುತ್ತದೆ.

ದಲಾಲನಿಲ್ಲದೆ ಮಾರೂದಕ್ಕೆ ಕಾನೂನಿನ ಅಡ್ಡಿಯಿಲ್ಲ. ಹಳ್ಳಿ ಮನೆಗೆ ಪಂಚಾಯಿತಿಯಿಂದ ಇ-ಸ್ವತ್ತು ಉತಾರ, ಉಪನೋಂದಣಿ ಕಚೇರಿಯಿಂದ ಋಣಭಾರ ಪತ್ರ ತೆಗೆಸಿರಿ. ಬ್ಯಾಂಕು, ಸೊಸೈಟಿಯ ಬೋಜಾ ಮುಚ್ಚಿಡಬೇಡಿರಿ. ಪಿತ್ರಾರ್ಜಿತ ಮನೆಯಾದರೆ ಅಕ್ಕತಂಗಿಯರ ಸಹಿಯೂ ಬೇಕು. ಓಣಿಯಲ್ಲಿ ಈಚೆಗೆ ಮಾರಿದ ಮನೆಗಳ ಬೆಲೆ ಕೇಳಿರಿ.

ದಲಾಲನ ಹೆಸರಿಗೆ ಮುಖತ್ಯಾರ ಪತ್ರ ಬರೆದುಕೊಡಬೇಡಿರಿ. ಅದಿದ್ದರೆ ನಿಮ್ಮ ಹೆಸರಲ್ಲೇ ಅವನು ವ್ಯವಹಾರ ಮಾಡಬಲ್ಲ. ನೋಂದಾಯಿತ ಖರೇದಿ ಪತ್ರವಿಲ್ಲದೆ ಒಡೆತನ ದಾಟದೆಂದು ಸುಪ್ರೀಂ ಕೋರ್ಟು 2011ರಲ್ಲೇ ಹೇಳಿದೆ.

ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡದಾಗ ಕಬ್ಬಿನ ಕಾಟಾದ ಮ್ಯಾಲೆ ಕಣ್ಣಿಡುವ ನಾವು, ಮನೆ ಮಾರುವಾಗ ಕಣ್ಣು ಮುಚ್ಚಬಾರದು. ಕಟ್ಟಿದವನೇ ಬೆಲೆ ಹೇಳಲಿ.