ಮಳೆ ಬಿದ್ದ ಹೊಲ ಜೀಪಿಗಲ್ಲ

ಭಾನುವಾರ ಬಸವನಗುಡಿಯ ಅಕ್ಕನ ಮಗನ ಥಾರ್‌ನಲ್ಲಿ ಆಫ್‌ರೋಡ್ ಪಾರ್ಕಿಗೆ ಹೋಗಿದ್ದೆ. ಮಜಾ ಬಂತು, ಸುಳ್ಳು ಹೇಳಲ್ಲ. ಟೈರಿನ ಗಾಳಿ ಸ್ವಲ್ಪ ಇಳಿಸಿ, ಫೋರ್‌ವೀಲ್ ಲೋ ಹಾಕಿದ್ರೆ ಕೆಸರಲ್ಲೂ ಹಿಡಿತ ಸಿಗುತ್ತೆ. 2023ರಿಂದ ಥಾರ್ ಫೋರ್‌ವೀಲ್ ಇಲ್ಲದೆಯೂ ಬರುತ್ತೆ. ಅಂಥದ್ದು ಹೂತ್ರೆ ನಮ್ಮ ಟ್ರ್ಯಾಕ್ಟರೇ ಗತಿ!

ಈಗ ಬಸವನಗುಡಿ, ಮಲ್ಲೇಶ್ವರದ ಹುಡುಗರು ಈ ಆಟಕ್ಕೆ ನಮ್ಮ ಹೊಲಾನೇ ದಿನದ ಬಾಡಿಗೆಗೆ ಕೇಳ್ತಿದ್ದಾರೆ. ನಾನಂತೂ ಕೊಡಲ್ಲ. ನೆನೆದ ಕೆಮ್ಮಣ್ಣಿನ ಮೇಲೆ ಒಂದೂವರೆ ಟನ್ ಮೀರಿದ ಗಾಡಿ ಹತ್ತಾರು ಸಲ ಓಡಿದ್ರೆ ಕೆಳಗಿನ ಮಣ್ಣು ಗಟ್ಟಿಯಾಗುತ್ತೆ. ನೀರು ಇಂಗಲ್ಲ, ರಾಗಿ ಬೇರು ಇಳಿಯಲ್ಲ. ಇಳಿಜಾರಲ್ಲಿ ಗಾಲಿ ಜಾಡೇ ಕೊರಕಲಾಗಿ ಮೇಲ್ಮಣ್ಣು ಕೊಚ್ಚಿಹೋಗುತ್ತೆ. ಹದ ಮೀರಿದ ಹೊಲಕ್ಕೆ ನಾವೇ ನೇಗಿಲು ಇಳಿಸಲ್ಲ, ಅಲ್ವಾ? ಕೊಡಲೇಬೇಕು ಅಂದ್ರೆ ಉಳುಮೆಗೆ ಬಾರದ ಕಲ್ಲುನೆಲ ಕೊಡಿ, ಬದು ದಾಟಬಾರದು ಅಂತ ಮೊದಲೇ ಬರೆಸಿಕೊಳ್ಳಿ.