ಹಳೆಯ ಗಣಕಯಂತ್ರ ಏಳದಿದ್ದಾಗ

ಶಿಗ್ಲಿಯ ಓದುಗ ಬಂಧುಗಳೊಬ್ಬರು ನಮಗೆ ಬರೆದ ಪತ್ರದಲ್ಲಿ ತಮ್ಮ ಸಂಕಟವನ್ನು ತೋಡಿಕೊಂಡಿದ್ದಾರೆ. ಅವರ ತೀರ್ಥರೂಪರು ಊರಿನ ಭಜನಾಮೇಳದ ಹಿರಿಯರ ಬಾಯಿಂದ ಕೇಳಿ ಬರೆದುಕೊಂಡ ತತ್ವಪದಗಳನ್ನು ಮನೆಯ ಗಣಕಯಂತ್ರದಲ್ಲಿ ಬೆರಳಚ್ಚಿಸಿ ಫ್ಲಾಪಿಗಳಲ್ಲಿ ಇರಿಸಿದ್ದರು. ಫ್ಲಾಪಿಗಳ ಮೇಲಿನ ಚೀಟಿಯಲ್ಲಿ ‘ಧಾರವಾಡ ಜಿಲ್ಲೆ’ ಎಂದೇ ಇದೆಯಂತೆ. ಗದಗ ಪ್ರತ್ಯೇಕ ಜಿಲ್ಲೆಯಾದುದು 1997ರಲ್ಲಿ, ಆದುದರಿಂದ ಅದಕ್ಕೂ ಹಿಂದಿನವು ಎಂದು ತಿಳಿಯಬಹುದು. ಈಗ ತಂದೆಯವರಿಲ್ಲ, ಹಾಡಿದವರಲ್ಲಿ ಹಲವರಿಲ್ಲ, ಬರೆದ ವಹಿಯನ್ನು ಗೆದ್ದಲು ತಿಂದಿದೆ. ಯಂತ್ರವನ್ನು ಎಬ್ಬಿಸುವ ಬೂಟ್ ಫ್ಲಾಪಿಯನ್ನು ಹಾಕಿದರೂ ಅದು ಏಳುತ್ತಿಲ್ಲ. ಎಲ್ಲ ಫ್ಲಾಪಿಗಳನ್ನೂ ಹೊಸದಾಗಿ ಫಾರ್ಮ್ಯಾಟ್ ಮಾಡಿರೆಂದು ಯಾರೋ ಸಲಹೆ ಕೊಟ್ಟಿದ್ದಾರೆ.

ಆ ಸಲಹೆಯನ್ನು ಸರ್ವಥಾ ಕೇಳಬಾರದು. ಯಂತ್ರ ಏಳದಿರುವುದು ಬೇರೆ, ಪದಗಳು ಅಳಿದಿರುವುದು ಬೇರೆ. ನೇಕಾರರ ಊರಾದ ಶಿಗ್ಲಿಯವರಿಗೆ ಜಕಾರ್ಡ್ ಮಗ್ಗದ ತೂತಿನ ರಟ್ಟುಗಳು ಅಪರಿಚಿತವಲ್ಲ. ಮೊದಲ ರಟ್ಟು ಹರಿದರೆ ಮಗ್ಗ ನಿಂತೀತು. ಹಿಂದಿನ ರಟ್ಟುಗಳಲ್ಲಿರುವ ಬುಟ್ಟಾ ಎಲ್ಲಿಗೂ ಹೋಗದು. ಗಣಕಯಂತ್ರವೂ ಹಾಗೆಯೇ. ವಿದ್ಯುತ್ತು ಹರಿದೊಡನೆ ಅದು ಫ್ಲಾಪಿಯ ಮೊಟ್ಟಮೊದಲ 512 ಬೈಟುಗಳನ್ನು ಓದಿ, ಅಲ್ಲಿಯ ಅಪ್ಪಣೆಯಂತೆ ಮುಂದಿನದನ್ನು ಕರೆತರುತ್ತದೆ. ಆ ಚಿಕ್ಕ ತುಣುಕಿಗೆ ಊನವಾದರೆ ಯಂತ್ರ ಏಳದು, ಅಷ್ಟೆ.

ಆದುದರಿಂದ ಪದಗಳ ಫ್ಲಾಪಿಗಳನ್ನು ಸದ್ಯಕ್ಕೆ ಪೆಟ್ಟಿಗೆಯಲ್ಲಿಯೇ ಇಡಿರಿ. ಮೂರೂವರೆ ಅಂಗುಲದವಾದರೆ ಮೂಲೆಯ ಚಿಕ್ಕ ಗುಂಡಿಯನ್ನು ಸರಿಸಿ ಕಿಂಡಿ ತೆರೆದಿರುವಂತೆ ಮಾಡಿರಿ. ಆಗ ಯಾವ ಯಂತ್ರವೂ ಅದರ ಮೇಲೆ ಬರೆಯಲಾರದು. ಐದೂಕಾಲು ಅಂಗುಲದವಾದರೆ ಇದಕ್ಕೆ ತದ್ವಿರುದ್ಧ, ಅಂಚಿನ ಕಚ್ಚನ್ನು ಪಟ್ಟಿ ಅಂಟಿಸಿ ಮುಚ್ಚಬೇಕು.

ಇನ್ನು ಯಂತ್ರದ ವಿಚಾರ. ಪರದೆಯ ಮೇಲೆ ‘ನಾನ್ ಸಿಸ್ಟಮ್ ಡಿಸ್ಕ್ ಆರ್ ಡಿಸ್ಕ್ ಎರರ್’ ಎಂದು ಬಂದರೆ ಜನ ಗಾಬರಿಯಾಗುತ್ತಾರೆ. ನಮಗಾದರೋ ಅದು ಅರ್ಧ ಶುಭವಾರ್ತೆ. ಈ ಮಾತು ಬಹುಮಟ್ಟಿಗೆ ಫ್ಲಾಪಿಯ ಆ ಮೊದಲ ತುಣುಕಿನಲ್ಲಿಯೇ ಬರೆದಿರುವಂಥದು. ಅದು ಪರದೆಗೆ ಬಂದಿತೆಂದರೆ ಡ್ರೈವ್ ಓದುತ್ತಿದೆ, ಫ್ಲಾಪಿಯಲ್ಲಿ ಡಾಸ್‌ನ ಮೂಲ ಕಡತಗಳಿಲ್ಲ ಅಥವಾ ಕೆಟ್ಟಿವೆ ಎಂದರ್ಥ. ಈ ಕಡತಗಳನ್ನು ಸುಮ್ಮನೆ ನಕಲಿಸಿದರೆ ಸಾಲದು. ಅದೇ ಆವೃತ್ತಿಯ ಡಾಸ್ ಇರುವ ಬೇರೊಂದು ಯಂತ್ರದಲ್ಲಿ, ಬೇರೊಂದು ಖಾಲಿ ಫ್ಲಾಪಿಗೆ ‘ಸಿಸ್’ ಎಂಬ ಆಜ್ಞೆ ಕೊಟ್ಟಾಗ ಮೊದಲ ತುಣುಕೂ ಸರಿಯಾಗಿ ಬರೆಯಲ್ಪಡುತ್ತದೆ.

‘ಫ್ಲಾಪಿ ಡಿಸ್ಕ್ ಫೇಲ್’ ಎಂದು ಬಂದರೆ ದೋಷ ಫ್ಲಾಪಿಯದಲ್ಲ, ಡ್ರೈವಿನದು ಅಥವಾ ಹೊಂದಾಣಿಕೆಯದು. ವರ್ಷಗಟ್ಟಲೆ ಮೂಲೆಗುಂಪಾದ ಯಂತ್ರದಲ್ಲಿ ಒಳಗಿನ ಬ್ಯಾಟರಿ ಸತ್ತಿರುತ್ತದೆ. ಬ್ಯಾಟರಿ ಸತ್ತರೆ ತನಗೆ ಎಂಥ ಡ್ರೈವ್ ಇದೆ, ಮೊದಲು ಯಾವುದನ್ನು ಓದಬೇಕು ಎಂಬುದನ್ನೇ ಯಂತ್ರ ಮರೆಯುತ್ತದೆ. ನಾಣ್ಯದಂತಹ ಬ್ಯಾಟರಿಯಾದರೆ ಹೊಸದನ್ನು ಹಾಕಿ, ಸೆಟಪ್ಪಿನಲ್ಲಿ ಡ್ರೈವಿನ ಅಳತೆಯನ್ನೂ ಮೊದಲು ‘ಎ’ ಅನಂತರ ‘ಸಿ’ ಎಂಬ ಕ್ರಮವನ್ನೂ ಕಾಣಿಸಬೇಕು. ಇನ್ನೂ ಹಳೆಯ ಯಂತ್ರಗಳಲ್ಲಿ ಬೆಸುಗೆ ಹಾಕಿದ ಬ್ಯಾಟರಿ ಇರುತ್ತದೆ. ಅದು ಸೋರಿ ಹಲಗೆಯನ್ನೇ ತಿಂದಿದ್ದರೆ ಬಲ್ಲವರ ಕೈಗೆ ಕೊಡುವುದೇ ಲೇಸು. ಡ್ರೈವಿನ ದೀಪ ಆರದೆ ಉರಿಯುತ್ತಲೇ ಇದ್ದರೆ ಪಟ್ಟಿತಂತಿಯ ಒಂದು ತುದಿ ತಿರುಗುಮುರುಗಾಗಿದೆ. ಯಾರೋ ಧೂಳು ಒರೆಸಲು ಬಿಚ್ಚಿ ಜೋಡಿಸಿದ್ದಾರೆಂದು ತಿಳಿಯಿರಿ.

ಬೂಷ್ಟಿನ ಮಾತನ್ನು ಒತ್ತಿ ಹೇಳಬೇಕಾಗಿದೆ. ಮೂರೂವರೆ ಅಂಗುಲದ ಫ್ಲಾಪಿಯ ಲೋಹದ ಮುಚ್ಚಳವನ್ನು ಮೆಲ್ಲನೆ ಸರಿಸಿ, ಹಿಂಬದಿಯ ಬಿಲ್ಲೆಯನ್ನು ಬೆರಳಿನಿಂದ ತಿರುಗಿಸುತ್ತ ಬೆಳಕಿನಲ್ಲಿ ನೋಡಿರಿ. ಬಿಳಿಯ ಚುಕ್ಕೆಗಳು ಕಂಡರೆ ಅದನ್ನು ಡ್ರೈವಿಗೆ ಹಾಕಬೇಡಿರಿ. ಆ ಬೂಷ್ಟು ಓದುವ ತಲೆಗೆ ಮೆತ್ತಿ ಮುಂದಿನ ಒಳ್ಳೆಯ ಫ್ಲಾಪಿಯನ್ನೂ ಗೀರಿ ಹಾಳುಮಾಡುತ್ತದೆ. ಡ್ರೈವಿನ ತಲೆಯನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಹಗುರವಾಗಿ ಒರೆಸಿ, ಒಣಗಿದ ಮೇಲೆ ಬೇಡವಾದ ಫ್ಲಾಪಿಯೊಂದನ್ನು ಓದಿಸಿ ನೋಡಿ, ಅನಂತರವೇ ಪದಗಳ ಫ್ಲಾಪಿಗೆ ಕೈಹಾಕಬೇಕು.

ಮೂರೂವರೆ ಅಂಗುಲದವನ್ನು ಉಳಿಸಿಕೊಳ್ಳಲು ಹಳೆಯ ಯಂತ್ರ ಏಳಲೇಬೇಕೆಂದಿಲ್ಲ. ಯುಎಸ್‌ಬಿಗೆ ಜೋಡಿಸುವ ಫ್ಲಾಪಿ ಡ್ರೈವನ್ನು ಇಂದಿನ ಗಣಕಕ್ಕೆ ಹಚ್ಚಿ, ಕಡತಗಳನ್ನಷ್ಟೇ ಅಲ್ಲದೆ ಇಡೀ ಫ್ಲಾಪಿಯ ಪಡಿಯಚ್ಚನ್ನು ತೆಗೆದಿರಿಸಬಹುದು, 1.44 ಎಂಬಿ ಫ್ಲಾಪಿಯಾದರೆ ಅದು 14,74,560 ಬೈಟುಗಳಷ್ಟಿರಬೇಕು. ಅಲ್ಲಿ ಓದದಿದ್ದರೆ ನಿರಾಶರಾಗಬೇಡಿರಿ. ತಲೆ ಕೊಂಚ ಓರೆಯಾದ ಡ್ರೈವ್ ಬರೆದುದನ್ನು ಕೆಲವೊಮ್ಮೆ ಅದೇ ಡ್ರೈವ್ ಮಾತ್ರ ಓದಬಲ್ಲುದು. ಆದ್ದರಿಂದ ಹಳೆಯ ಡ್ರೈವನ್ನು ಗುಜರಿಗೆ ಹಾಕುವುದು ಅವಿವೇಕ.

ಹಳೆಯ ಯಂತ್ರವನ್ನು ಎಬ್ಬಿಸುವ ಶ್ರಮಕ್ಕೆ ಇನ್ನೊಂದು ಕಾರಣವೂ ಉಂಟು. ಯೂನಿಕೋಡ್ 1991ರಲ್ಲಿಯೇ ಕನ್ನಡಕ್ಕೆ ಸ್ಥಾನ ಕೊಟ್ಟಿತ್ತಾದರೂ ನಮ್ಮ ಮನೆಗಳ ಅಂದಿನ ಕನ್ನಡ ತಂತ್ರಾಂಶಗಳು ತಮ್ಮತಮ್ಮದೇ ಸಂಕೇತಗಳಲ್ಲಿ ಬರೆಯುತ್ತಿದ್ದವು. ಇಂದಿನ ಗಣಕದಲ್ಲಿ ಆ ಕಡತ ತೆರೆದರೆ ಅಕ್ಷರಗಳ ಬದಲು ಚಿತ್ರವಿಚಿತ್ರ ಗುರುತುಗಳು ಕಾಣುತ್ತವೆ, ಕೆಟ್ಟಿತೆಂದು ಅಳಿಸಿಬಿಡಬೇಡಿರಿ. ಅಂದಿನ ತಂತ್ರಾಂಶದಲ್ಲಿಯೇ ತೆರೆದು ಒಂದು ಪ್ರತಿಯನ್ನು ಕಾಗದದ ಮೇಲೆ ಮುದ್ರಿಸಿಕೊಳ್ಳಿರಿ. ಯೂನಿಕೋಡಿಗೆ ಪರಿವರ್ತಿಸಿದ ಮೇಲೆ ಆ ಕಾಗದವನ್ನು ಮುಂದಿಟ್ಟುಕೊಂಡು, ಮೇಳದಲ್ಲಿ ಇನ್ನೂ ಹಾಡುತ್ತಿರುವವರೊಬ್ಬರನ್ನು ಕೂರಿಸಿಕೊಂಡು, ಸಾಲುಸಾಲಾಗಿ ಓದಿ ನೋಡಬೇಕು. ಒತ್ತಕ್ಷರಗಳಲ್ಲಿಯೂ ಅರ್ಕಾವೊತ್ತಿನಲ್ಲಿಯೂ ವಿಶೇಷ ಎಚ್ಚರವಿರಲಿ.